ರಿಕ್ಷಾ ಪಾರ್ಕಿನಲ್ಲಿ ಇನ್ನೊಂದು ಫೋಟೋ

9 ನವೆಂಬರ್ 2024, ಶನಿವಾರ
ಉಡುಪಿ

ಎರಡನೇ ಶನಿವಾರ, ಬ್ಯಾಂಕಿಗೆ ರಜೆ. ಮಟ್ಟುಗುಳ್ಳ ಬದನೆ ಬಂದಿದೆಯಾ ನೋಡಿ ಬಾ ಅಂತ ಅಮ್ಮ ಬೆಳಿಗ್ಗೆಯೇ ಚೀಲ ಕೊಟ್ಟು ಕಳಿಸಿದಳು. ಬಸ್ ಸ್ಟ್ಯಾಂಡಿನ ಹತ್ತಿರದ ರಿಕ್ಷಾ ಪಾರ್ಕಿನಲ್ಲಿ ಜನ ಸೇರಿದ್ದರು. ರಾಜ್ಯೋತ್ಸವಕ್ಕೆ ಕಟ್ಟಿದ್ದ ಹಳದಿ ಕೆಂಪು ಬಾವುಟಗಳು ಇನ್ನೂ ಹಾಗೇ ಇವೆ. ಅವುಗಳ ಕೆಳಗೆ ಒಂದು ಸ್ಟೂಲು, ಅದರ ಮೇಲೆ ಶಂಕರ್ ನಾಗ್ ಫೋಟೋ, ಸೇವಂತಿಗೆ ಮಾಲೆ, ಎರಡು ಊದುಬತ್ತಿ.

"ಬನ್ನಿ ಅಕ್ಕ, ಲಡ್ಡು ತೆಕ್ಕೊಳ್ಳಿ. ಇವತ್ತು ಶಂಕರಣ್ಣನಿಗೆ 70."

ಹೌದಲ್ವಾ! 1954ರ ನವೆಂಬರ್ 9. ಬದುಕಿದ್ದರೆ ಇವತ್ತಿಗೆ 70 ತುಂಬುತ್ತಿತ್ತು. ಲಡ್ಡು ಕೊಟ್ಟ ಹುಡುಗನಿಗೆ ಹೆಚ್ಚೆಂದರೆ 25. ಅವನು ಹುಟ್ಟುವ ಎಷ್ಟೋ ವರ್ಷ ಮೊದಲೇ ಶಂಕರ್ ನಾಗ್ ಹೋಗಿಯಾಗಿತ್ತು. ಆದರೂ ಅವನ ರಿಕ್ಷಾದ ಹಿಂದಿನ ಗಾಜಿನಲ್ಲಿ ಅದೇ ಮುಖ. 'ಆಟೋ ರಾಜ' ಬಂದದ್ದು 1980ರಲ್ಲಿ. ಒಬ್ಬ ನಟನನ್ನು ಇಷ್ಟು ಕಾಲ ತಮ್ಮ ಮನೆಯವನ ಹಾಗೆ ಕಾಪಾಡಿಕೊಂಡು ಬಂದ ಈ ರಿಕ್ಷಾದವರ ಮೇಲೆ ನನಗೆ ತುಂಬಾ ಗೌರವ.

ಆದರೆ ಇವತ್ತು ಆ ಮಾಲೆ ನೋಡುವಾಗ ಒಂದು ಮಾತು ಬಾಯಿಗೆ ಬಂದೇ ಬಿಟ್ಟಿತು. "ಪಕ್ಕದಲ್ಲಿ ಅರುಂಧತಿ ಅವರ ಫೋಟೋನೂ ಇಡಬಹುದಿತ್ತಲ್ವಾ?"

ಹುಡುಗ ಒಂದು ಕ್ಷಣ ಯೋಚಿಸಿದ. "ಯಾರು, 'ಜೋಗಿ'ಯ ಅಮ್ಮನಾ?"

"ಅವರೇ. ಶಂಕರಣ್ಣನ ಹೆಂಡತಿ."

"ಹೌದಾ! ಫೋಟೋ ಕೊಡಿ ಅಕ್ಕ, ಇವತ್ತೇ ಅಂಟಿಸ್ತೇನೆ."

ಮಟ್ಟುಗುಳ್ಳ ಸಿಕ್ಕಲಿಲ್ಲ. ಫೋಟೋ ಕೊಡುತ್ತೇನೆ ಅಂತ ಮಾತು ಕೊಟ್ಟು ಮನೆಗೆ ಬಂದೆ.

ನಮ್ಮ ಮನೆಯಲ್ಲಿ ಇವರಿಬ್ಬರ ಹೆಸರು ಬಂದರೆ ಮೊದಲು ಏಳುವುದು 'ಮಾಲ್ಗುಡಿ ಡೇಸ್' ಧಾರಾವಾಹಿಯ ಮಾತು. ಆಗ ನಮ್ಮಲ್ಲಿ ಟಿವಿ ಇರಲಿಲ್ಲ. ಪಕ್ಕದ ಮನೆಯ ಚಾವಡಿಯಲ್ಲಿ ಚಾಪೆ ಹಾಕಿ ಕೂರುತ್ತಿದ್ದೆವಂತೆ. ನನಗೆ ನೆನಪಿರುವುದು ಮರದ ಕಂಬಗಳ ಆ ಮನೆ ಮತ್ತು ಅದರಲ್ಲಿನ ಹುಡುಗ ಸ್ವಾಮಿಯ ಟೋಪಿ ಮಾತ್ರ. ಅಮ್ಮನಿಗೆ ಹಿಂದಿ ಬರುತ್ತಿರಲಿಲ್ಲ. "ಭಾಷೆ ಯಾಕೆ ಬೇಕಿತ್ತು? ಅದು ನಮ್ಮ ಅಜ್ಜನ ಮನೆಯ ಹಾಗೆಯೇ ಇತ್ತಲ್ಲ" ಅನ್ನುತ್ತಾಳೆ. ಇರದೆ ಏನು! ನಮ್ಮ ಘಟ್ಟದ ತಲೆಯ ಮೇಲಿರುವ ಆಗುಂಬೆಯಲ್ಲೇ ಅಲ್ವಾ ಅದರ ಹೆಚ್ಚಿನ ಭಾಗ ತೆಗೆದದ್ದು.

ಹೋದ ವರ್ಷ ದಸರಾ ರಜೆಯಲ್ಲಿ ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. ಹೆಬ್ರಿ ದಾಟಿ, ಸೋಮೇಶ್ವರದಿಂದ ಮಿನಿ ಬಸ್ಸಿನಲ್ಲಿ 14 ತಿರುವು. ಮೇಲೆ ಹೋದಾಗ ಮಂಜು, ಸಣ್ಣ ಮಳೆ. ಧಾರಾವಾಹಿ ತೆಗೆದ ದೊಡ್ಡಮನೆಯ ಜಗಲಿಯಲ್ಲಿ ಅಮ್ಮ ಸುಮ್ನೆ ಕೂತಳು. ಕಂಬವನ್ನು ಕೈಯಿಂದ ಸವರಿದಳು. ಒಳಗಿನ ಅಂಗಳಕ್ಕೆ ಬೀಳುತ್ತಿದ್ದ ಮಳೆ ನೋಡುತ್ತಾ, "ಸ್ವಾಮಿ ಇಲ್ಲೇ ಓಡುತ್ತಿದ್ದ" ಅಂದಳು. ಪಕ್ಕದ ಮನೆಯ ಹುಡುಗನ ಬಗ್ಗೆ ಹೇಳಿದ ಹಾಗಿತ್ತು. ಸೆಟ್ ಹಾಕಿ ಕಟ್ಟಿದ ಊರಾಗಿದ್ದರೆ ಅವಳು ಹಾಗೆ ಹೇಳುತ್ತಿರಲಿಲ್ಲ. ಆರ್.ಕೆ. ನಾರಾಯಣ್ ಅವರ ಕಥೆಯ ಊರಿಗೆ ಮಳೆ ಬರುವ, ಪಾಚಿ ಕಟ್ಟುವ, ಜನ ವಾಸ ಮಾಡುವ ಊರನ್ನೇ ಶಂಕರ್ ನಾಗ್ ಹುಡುಕಿದರು. ಒಂದಲ್ಲ ಎರಡಲ್ಲ, 39 ಕಂತು. ಆ ಕೆಲಸಕ್ಕೆ ಅವರು ಕೈಹಾಕಿದಾಗ ಅವರಿಗೆ 30 ದಾಟಿತ್ತಷ್ಟೇ.

ಶಂಕರ್ ಹೊನ್ನಾವರದ ಕಡೆಯವರು, ಮನೆಮಾತು ಕೊಂಕಣಿ. ಅರುಂಧತಿ ಅವರು ದೆಹಲಿಯಲ್ಲಿ ಹುಟ್ಟಿ ಮುಂಬೈಯಲ್ಲಿ ಬೆಳೆದವರು. ಮುಂಬೈಯ ನಾಟಕದ ಸಹವಾಸದಲ್ಲೇ ಇಬ್ಬರಿಗೂ ಪರಿಚಯ. ಮದುವೆಯಾಗಿ ಬೆಂಗಳೂರಿಗೆ ಬಂದ ಮೇಲೆ ಕನ್ನಡವನ್ನೂ ತಮ್ಮದು ಮಾಡಿಕೊಂಡರು. ಅವರ ಕನ್ನಡ ಕೇಳುವುದೇ ನನಗೆ ಇಷ್ಟ. ಒಂದೊಂದು ಅಕ್ಷರವೂ ಪೂರ್ತಿ ಕೇಳಿಸುತ್ತದೆ.

ಶಂಕರ್ ಅವರಿಗೆ ದೊಡ್ಡ ಪ್ರಶಸ್ತಿ ಬಂದದ್ದು ತುಂಬಾ ಬೇಗ. ಗಿರೀಶ್ ಕಾರ್ನಾಡರ 'ಒಂದಾನೊಂದು ಕಾಲದಲ್ಲಿ' ಸಿನಿಮಾಕ್ಕೆ 1979ರ ಭಾರತದ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಅತ್ಯುತ್ತಮ ನಟ. ಆಗ ವಯಸ್ಸು 24. ಆಮೇಲೆ ಕ್ಯಾಮೆರಾ ಹಿಂದೆ ನಿಂತು 'ಮಿಂಚಿನ ಓಟ' ಮಾಡಿದರು, ಅದಕ್ಕೆ ರಾಜ್ಯ ಪ್ರಶಸ್ತಿ. 'ಆಕ್ಸಿಡೆಂಟ್' ಮಾಡಿದರು, ಅದಕ್ಕೆ ಸಾಮಾಜಿಕ ವಿಷಯದ ಉತ್ತಮ ಚಿತ್ರ ಅಂತ ರಾಷ್ಟ್ರ ಪ್ರಶಸ್ತಿ. ಅದರಲ್ಲಿ ಗಂಡ ಹೆಂಡತಿ ಇಬ್ಬರೂ ನಟಿಸಿದ್ದಾರೆ.

ನಮ್ಮ ಮನೆಯಲ್ಲಿ 'ಆಕ್ಸಿಡೆಂಟ್' ಹಾಕುವ ಹಾಗಿಲ್ಲ. ಅಮ್ಮನಿಗೆ ಆಗುವುದಿಲ್ಲ. 1990ರ ಸೆಪ್ಟೆಂಬರ್ 30, ಭಾನುವಾರ. ಅವಳು ನೀರುದೋಸೆ ಎರೆಯುತ್ತಿದ್ದಳಂತೆ, ಯಾರೋ ಅಂಗಳದಲ್ಲೇ ನಿಂತು ಸುದ್ದಿ ಹೇಳಿದರಂತೆ. ದಾವಣಗೆರೆ ಹತ್ತಿರ ಆನಗೋಡಿನಲ್ಲಿ ಕಾರು ಅಪಘಾತ. ಶೂಟಿಂಗಿಗೆ ಹೊರಟಿದ್ದರು. ಕಾರಿನಲ್ಲಿ ಅರುಂಧತಿಯೂ ಇದ್ದರು, ಪುಟ್ಟ ಮಗಳೂ ಇದ್ದಳು. ಕಾವಲಿಯ ಮೇಲಿದ್ದ ದೋಸೆ ಕಪ್ಪಾಗುವ ತನಕ ಅಮ್ಮ ನಿಂತೇ ಇದ್ದಳು ಅಂತ ಅಪ್ಪ ಹೇಳುತ್ತಿದ್ದರು.

ಆಮೇಲಿನ ಕಥೆಯೇ ನನಗೆ ಜಾಸ್ತಿ ಮುಖ್ಯ. ಅರುಂಧತಿ ಅವರಿಗೆ ಆಗ 34. ಮೈಯೆಲ್ಲ ಪೆಟ್ಟು. ಅಂಥ ಸ್ಥಿತಿಯಿಂದ ಎದ್ದು ಅವರು ಮತ್ತೆ ರಂಗದ ಮೇಲೆ ನಿಂತರು. ಬೆಂಗಳೂರಿನಲ್ಲಿ ನಾಟಕಕ್ಕೆಂದೇ ಒಂದು ಒಳ್ಳೆಯ ಜಾಗ ಬೇಕು ಅನ್ನುವುದು ಇಬ್ಬರ ಕನಸಾಗಿತ್ತು. ಅದಕ್ಕಾಗಿ ಅಲೆದರು, ದುಡ್ಡು ಕೂಡಿಸಿದರು. 2004ರಲ್ಲಿ ಜೆ.ಪಿ. ನಗರದಲ್ಲಿ ರಂಗಶಂಕರ ಬಾಗಿಲು ತೆರೆಯಿತು. ಈ ವರ್ಷಕ್ಕೆ ಅದಕ್ಕೆ 20.

ಬೆಂಗಳೂರಿನ ಬ್ರಾಂಚಿನಲ್ಲಿದ್ದ ಮೂರು ವರ್ಷ ಸಂಬಳದ ಒಂದು ಪಾಲು ನಾನು ಅಲ್ಲೇ ಖರ್ಚು ಮಾಡಿದ್ದೇನೆ. ನಾಟಕ ಶುರುವಾದ ಮೇಲೆ ಬಂದವರು ಯಾರೇ ಆಗಲಿ, ಒಳಗೆ ಬಿಡುವುದಿಲ್ಲ. ಆ ನಿಯಮ ನನಗೆ ತುಂಬಾ ಇಷ್ಟ. ಬಯಲಾಟದಲ್ಲಿ ಚೆಂಡೆ ಕೇಳಿದ ಕೂಡಲೇ ನೆಟ್ಟಗೆ ಕೂರುವ ನಮಗೆ ಅದು ಅರ್ಥವಾಗುತ್ತದೆ. ಕೆಲಸ ಮುಗಿಸಿ ಓಡಿಹೋಗಿ, ಸಾಬುದಾನ ವಡೆ ತಿಂದು, ಬೆಲ್ ಆಗುವ ಮೊದಲು ಸೀಟು ಹಿಡಿಯುತ್ತಿದ್ದೆ. ಲೈಟು ಆರಿ ಕತ್ತಲಾದಾಗ ಒಂದು ಮೌನ ಬರುತ್ತದಲ್ಲ, ಅದು ಶಂಕರ್ ಅವರಿಗೆ ಕೇಳಿಸಬೇಕಿತ್ತು ಅಂತ ಪ್ರತೀ ಸಲ ಅನ್ನಿಸುತ್ತಿತ್ತು.

ಅರುಂಧತಿ ಅವರಿಗೂ ಪ್ರಶಸ್ತಿಗಳು ಬಂದವು. 2008ರಲ್ಲಿ ಸಂಗೀತ ನಾಟಕ ಅಕಾಡೆಮಿಯದು. 2010ರಲ್ಲಿ ಪದ್ಮಶ್ರೀ. ಹಿಂದಿಯ 'ಪಾ' ಸಿನಿಮಾದ ಪಾತ್ರಕ್ಕೆ ಅತ್ಯುತ್ತಮ ಪೋಷಕ ನಟಿ ಅಂತ ರಾಷ್ಟ್ರ ಪ್ರಶಸ್ತಿ. ನನ್ನನ್ನು ಕೇಳಿದರೆ 'ಜೋಗಿ'ಯ ತಾಯಿಯೇ ದೊಡ್ಡ ಪಾತ್ರ. ಮಗನನ್ನು ಹುಡುಕಿಕೊಂಡು ಬೆಂಗಳೂರಿಗೆ ಬರುವ ಹಳ್ಳಿಯ ತಾಯಿ. ಸಿನಿಮಾ ಮುಗಿದ ಮೇಲೆ ಅಮ್ಮ ಟಾಕೀಸಿನ ಮೆಟ್ಟಿಲಲ್ಲಿ ಕೂತು ಅತ್ತಿದ್ದಳು. 'ಆಟೋ ರಾಜ'ನ ಹೆಂಡತಿ ಅಂತ ಆಗ ನಮಗೆ ನೆನಪೇ ಆಗಲಿಲ್ಲ. ಅಷ್ಟು ಆ ತಾಯಿಯೇ ಆಗಿಬಿಟ್ಟಿದ್ದರು.

ಸಂಜೆ 'ಒಂದಾನೊಂದು ಕಾಲದಲ್ಲಿ' ಹಾಕಿದೆವು. ಅದರಲ್ಲಿ ಶಂಕರ್ ಮಾಡಿದ ಗಂಡುಗಲಿಯ ನಡಿಗೆ ಎಷ್ಟು ಸಲ ನೋಡಿದರೂ ಸಾಕಾಗುವುದಿಲ್ಲ. ಹೊಟ್ಟೆಪಾಡಿಗೆ ಕತ್ತಿ ಹಿಡಿದವನ ನಡಿಗೆ ಅದು. ಹೀರೋ ಅನ್ನುವ ಗತ್ತು ಎಲ್ಲೂ ಇಲ್ಲ.

ಸಿನಿಮಾ ನೋಡುತ್ತಲೇ ಮೊಬೈಲಿನಲ್ಲಿ ಫೋಟೋ ಹುಡುಕಿದೆವು. ಇಬ್ಬರೂ ಒಟ್ಟಿಗೆ ಇರುವ ಹಳೆಯ ಕಪ್ಪು ಬಿಳುಪಿನದು ನನಗೆ ಇಷ್ಟವಾಯಿತು. ಅಮ್ಮ ಒಪ್ಪಲಿಲ್ಲ. ಬಿಳಿ ಕೂದಲು ಬಿಟ್ಟುಕೊಂಡು ದೊಡ್ಡದಾಗಿ ನಗುವ ಈಗಿನ ಅರುಂಧತಿ ಅವರದೇ ಬೇಕು ಅಂದಳು.

"ಅದು ಬೇಡ ಅಮ್ಮ. ಪಕ್ಕದಲ್ಲಿ ಶಂಕರಣ್ಣ ಅಷ್ಟು ಚಿಕ್ಕವರು, ಜೋಡಿ ಆಗುವುದಿಲ್ಲ."

"ಆಗ್ತದೆ. ಈ ಕೂದಲು ಬೆಳ್ಳಗಾಗುವ ತನಕ ಅವಳು ಮಾಡಿದ್ದು ಆ ಹುಡುಗನಿಗೆ ಗೊತ್ತಾಗುವುದು ಬೇಡವಾ?"

ಎಂಟು ಗಂಟೆಗೆ ಸ್ಟುಡಿಯೋ ಮುಚ್ಚುವ ಮೊದಲು ಓಡಿ ಹೋಗಿ ಪ್ರಿಂಟ್ ಹಾಕಿಸಿದೆ. ಮಳೆಗೆ ಒದ್ದೆಯಾಗದ ಹಾಗೆ ಲ್ಯಾಮಿನೇಶನ್ ಕೂಡ. ಬರುವಾಗ ರಿಕ್ಷಾ ಪಾರ್ಕ್ ನೋಡಿದೆ, ಆ ಹುಡುಗ ಬಾಡಿಗೆಗೆ ಹೋಗಿದ್ದ. ಫೋಟೋ ಈಗ ನನ್ನ ಬ್ಯಾಗಿನಲ್ಲಿದೆ. ಸೋಮವಾರ ಬ್ಯಾಂಕಿಗೆ ಹೋಗುವಾಗ ಅವನ ರಿಕ್ಷಾದಲ್ಲೇ ಹೋಗಬೇಕು.