ಕನ್ನಂಬಾಡಿ ಕಟ್ಟೆ ಹಾರಿದ ಮರದ ತುಂಡು

ಕೆಲವು ವರ್ಷದ ಹಿಂದಿನ ಮಾತು. ಮಳೆಗಾಲ. ಮಂಡ್ಯದ ಹತ್ತಿರ ಹಳ್ಳಿಯಲ್ಲಿರುವ ಅಕ್ಕನ ಮನೆಗೆ ಹೋಗಿದ್ದೆ. ಆ ತಿಂಗಳುಗಳಲ್ಲಿ ಆ ಕಡೆ ಇಬ್ಬರು ಎದುರಾದರೆ ಊಟ ಆಯ್ತಾ ಅನ್ನೋದಕ್ಕಿಂತ ಮೊದಲು ಕೇಳೋದು, ಕಟ್ಟೇಲಿ ನೀರು ಎಷ್ಟಾಯ್ತು ಅಂತ. ಭಾವ ಜಗಲಿಯಲ್ಲಿ ಕೂತು ಮೊಬೈಲಿನಲ್ಲಿ ಅದನ್ನೇ ನೋಡುತ್ತಿದ್ದರು. ಕನ್ನಂಬಾಡಿ ತುಂಬಿತು ಅಂದರೆ 124.80 ಅಡಿ. ನಾಲೆಗೆ ನೀರು ಬರುತ್ತಾ, ನಾಟಿ ಮಾಡಬಹುದಾ, ಎಲ್ಲವೂ ಆ ನಂಬರಿನ ಮೇಲೆ ನಿಂತಿರುತ್ತೆ.

ಅಕ್ಕನ ಮಗ ಫಸ್ಟ್ ಪಿಯುಸಿ. ಮಾರನೇ ದಿನ ಟೆಸ್ಟ್. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ, ಸಂವೇಗ (ದ್ರವ್ಯರಾಶಿ ಇಂಟು ವೇಗ) ಅಂದರೆ ಗೊತ್ತು. ಕಾಲೇಜಿನಲ್ಲಿ ಅದೇ ಮೊಮೆಂಟಮ್ ಆಗಿ ಬಂದಾಗ ಗುರುತೇ ಸಿಕ್ಕಿಲ್ಲ, ಪಾಪ. "ಮಾವ, ನೀವು ಬಿಎಸ್ಸಿ ಅಲ್ವಾ, ಇದೊಂದು ಹೇಳಿಕೊಡಿ" ಅಂತ ಪುಸ್ತಕ ಹಿಡಿದು ಬಂದ.

ಲೆಕ್ಕ ಹೀಗಿತ್ತು. ಹಗ್ಗದಲ್ಲಿ ನೇತಾಡುವ 1.99 ಕೆಜಿಯ ಮರದ ತುಂಡು. 10 ಗ್ರಾಂ ಗುಂಡು ಸೆಕೆಂಡಿಗೆ 400 ಮೀಟರ್ ವೇಗದಲ್ಲಿ ಬಂದು ಅದರೊಳಗೆ ಹೂತುಕೊಳ್ಳುತ್ತೆ. ತುಂಡು ಎಷ್ಟು ಎತ್ತರಕ್ಕೆ ಏಳುತ್ತೆ? ಭೂಮಿ ಎಳೆಯುವ ಲೆಕ್ಕದ g ಅನ್ನು 10 ಅಂತ ಹಿಡಿಯಬೇಕು.

ನಾನು ಯೋಚನೆಯನ್ನೇ ಮಾಡಲಿಲ್ಲ. "ಎನರ್ಜಿ ಎಲ್ಲೂ ಹೋಗಲ್ಲ ಕಣೋ. ಗುಂಡಿನ ಚಲನ ಶಕ್ತಿ ಪೂರ್ತಿ ಎತ್ತರಕ್ಕೆ ಹೋಗುತ್ತೆ." ಅರ್ಧ ಇಂಟು 0.01 ಇಂಟು 400ರ ವರ್ಗ, 800 ಜೂಲ್. ಒಟ್ಟು ತೂಕ 2 ಕೆಜಿ, g ಇಂದ ಗುಣಿಸಿದರೆ 20. 800 ಭಾಗಿಸು 20. ನಲವತ್ತು. "ಬರ್ಕೋ, 40 ಮೀಟರ್."

ಜಗಲಿಯಿಂದ ಭಾವ ಕೇಳಿದರು. "ಎಷ್ಟಡಿ ಆಯ್ತದೆ ಅದು?"

"ನೂರ ಮೂವತ್ತೊಂದು, ಭಾವ."

ಅವರು ಮೊಬೈಲು ಕೆಳಗಿಟ್ಟರು. "ಎರಡು ಕೆಜಿ ಮರ, ಒಂದು ಗುಂಡು ಹೊಡುದ್ರೆ, ತುಂಬಿದ ಕಟ್ಟೆಗಿಂತ ಮ್ಯಾಕ್ಕೆ ಹೋಯ್ತದಾ? ನೋಡಪ್ಪಾ, ಇನ್ನೊಂದ್ಸಲ ನೋಡು."

ಹುಡುಗ ಮುಖ ತಿರುಗಿಸಿಕೊಂಡು ನಕ್ಕ. ನನ್ನ ಕಿವಿ ಬಿಸಿಯಾಯಿತು. ಇಷ್ಟು ವರ್ಷ ಲೆಕ್ಕ ಮಾಡಿದ್ದೇನೆ, ಉತ್ತರ ನಂಬೋ ಹಾಗಿದೆಯಾ ಅಂತ ಒಂದು ಸಲವೂ ಅಡಿಯಲ್ಲಿ ಅಳೆದು ನೋಡಿರಲಿಲ್ಲ.

ಅಷ್ಟರಲ್ಲಿ ಅಕ್ಕ ಊಟಕ್ಕೆ ಕರೆದಳು. ತಟ್ಟೆಗೆ ಮುದ್ದೆ ಬಿತ್ತು. ಬಿದ್ದಲ್ಲೇ ಕೂತಿತು, ಕೊಂಚವೂ ಪುಟಿಯಲಿಲ್ಲ. ನನಗೆ ಅಲ್ಲಿ ಹೊಳೆಯಿತು. ಮುದ್ದೆ ಬೀಳುವಾಗ ಇದ್ದ ಶಕ್ತಿ ಪುಟಿದು ವಾಪಸ್ ಬರಲಿಲ್ಲ ಅಲ್ವಾ? 'ತಪ್' ಅಂತ ಸದ್ದಾಯಿತು, ತಳ ಚಪ್ಪಟೆಯಾಯಿತು, ಒಂದಿಷ್ಟು ಬಿಸಿಯಾಗಿ ಹೋಯಿತು. ಎನರ್ಜಿ ಎಲ್ಲೂ ಹೋಗಲ್ಲ ಅನ್ನೋದು ಸುಳ್ಳಲ್ಲ. ಆದರೆ ಅಡಗಿಕೊಳ್ಳೋಕೆ ಅದಕ್ಕೆ ನೂರು ಜಾಗ ಇದೆ. ಸಂವೇಗಕ್ಕೆ ಹಾಗಿಲ್ಲ. ಗುಂಡು ಕಳೆದುಕೊಂಡಿದ್ದು ಮರಕ್ಕೆ ಸೇರಲೇಬೇಕು. ಅಂಟಿಕೊಂಡು ಒಟ್ಟಿಗೆ ಹೋಗುವ ಡಿಕ್ಕಿ ಅಂದರೆ ಈ ಮುದ್ದೆ ಜಾತಿಯದ್ದೇ. ಪುಸ್ತಕದ ಭಾಷೆಯಲ್ಲಿ ಪೂರ್ಣ ಅಸ್ಥಿತಿಸ್ಥಾಪಕ. ಮುದ್ದೆ ಡಿಕ್ಕಿ ಅಂದರೆ ಮಕ್ಕಳಿಗೆ ಬೇಗ ಹತ್ತುತ್ತೆ ಅಂತ ನನ್ನ ಅನಿಸಿಕೆ.

ಕೈ ತೊಳೆದು ಮತ್ತೆ ಕೂತೆವು. ಈ ಸಲ ಲೆಕ್ಕವನ್ನು ಎರಡು ತುಂಡು ಮಾಡಿದೆ. ಮೊದಲನೆಯದು, ಗುಂಡು ಹೂತುಕೊಳ್ಳುವ ಆ ಚಿಟಿಕೆಯಷ್ಟು ಹೊತ್ತು. ಆಗ ಹಗ್ಗ ಇನ್ನೂ ನೇರವಾಗೇ ಇರುತ್ತೆ, ಅಡ್ಡಕ್ಕೆ ಎಳೆಯೋರು ಹೊರಗಿನವರು ಯಾರೂ ಇಲ್ಲ. ಸಂವೇಗ ಮಾತ್ರ ನಂಬಬೇಕು. 0.01 ಇಂಟು 400, ಅಂದರೆ 4. ಅದನ್ನು 2 ಕೆಜಿಗೆ ಹಂಚಿದರೆ ಸೆಕೆಂಡಿಗೆ 2 ಮೀಟರ್. ಉಳಿದ ಚಲನ ಶಕ್ತಿ ಬರೀ 4 ಜೂಲ್. ಮಿಕ್ಕ 796 ಜೂಲ್ ಮರ ಸೀಳೋಕೆ, ಬಿಸಿಗೆ, ಸದ್ದಿಗೆ. ನೂರಕ್ಕೆ ತೊಂಬತ್ತೊಂಬತ್ತೂವರೆ ಭಾಗ! ಹುಡುಗ ಎರಡು ಸಲ ಭಾಗಿಸಿ ನೋಡಿದ. ಎರಡನೆಯದು, ತುಂಡು ಮೇಲಕ್ಕೆ ತೂಗುವಾಗ. ಇಲ್ಲಿ ಯಾವುದೂ ಸೀಳಲ್ಲ, ಹಾಗಾಗಿ ಎನರ್ಜಿ ಹಾಕಬಹುದು. ಸಂವೇಗವನ್ನು ಇಲ್ಲಿಗೆ ತರೋ ಹಾಗಿಲ್ಲ, ಭೂಮಿ, ಹಗ್ಗ ಎರಡೂ ಎಳೆಯುತ್ತಾ ಇರುತ್ತವಲ್ಲ. ನನ್ನ ಸೂತ್ರ ಸರಿಯಾಗೇ ಇತ್ತು, ಇಟ್ಟ ಜಾಗ ತಪ್ಪಿತ್ತು.

ಈ ತೂಗುವ ತುಂಡು ಸುಮ್ನೆ ಪುಸ್ತಕದವರು ಕಟ್ಟಿದ್ದಲ್ಲ. ಗುಂಡಿನ ವೇಗ ಅಳೆಯೋಕೆ ಬೆಂಜಮಿನ್ ರಾಬಿನ್ಸ್ ಅನ್ನುವ ಇಂಗ್ಲಿಷ್ ಗಣಿತಜ್ಞ ಇದೇ ಉಪಾಯವನ್ನು 1742ರ ತನ್ನ ಪುಸ್ತಕದಲ್ಲಿ ವಿವರಿಸಿದ್ದ. ಆತ 1751ರಲ್ಲಿ ತೀರಿಕೊಂಡಿದ್ದು ನಮ್ಮ ಪಕ್ಕದ ತಮಿಳುನಾಡಿನ ಕಡಲೂರಿನ ಕೋಟೆಯಲ್ಲಿ. ಹುಡುಗನಿಗೆ ಹೇಳಿದೆ. "ಟೆಸ್ಟಿಗೆ ಬರುತ್ತಾ ಮಾವ?" ಅಂದ. ಬಿಟ್ಟೆ.

ಎದುರುಬದುರು ಬರುವ ಎರಡು ಕಾರಿನ ಲೆಕ್ಕವನ್ನು ಅವನೇ ಮಾಡಿದ. ಸಂವೇಗಕ್ಕೆ ದಿಕ್ಕೂ ಇರುತ್ತಲ್ಲ, ಒಂದು ಕಾರಿಗೆ ಮೈನಸ್ ಹಾಕೋದು ಮರೆತು, ತಾನೇ ಹೊಡೆದು ತಿದ್ದಿದ.

ಮಲಗುವ ಹೊತ್ತಿಗೆ ಭಾವ ಕೇಳಿದರು. "ಕೊನೆಗೆ ಎಷ್ಟಾಯ್ತು ಆ ಮರ?"

"20 ಸೆಂಟಿಮೀಟರ್, ಭಾವ."

ಅವರು ಬೆರಳು ಅಗಲಿಸಿ ಗೋಡೆಗೆ ಕೈ ಇಟ್ಟು ನೋಡಿದರು. "ಒಂದು ಗೇಣು ಇಲ್ಲ. ಹಂಗಾದ್ರೆ ಸರಿ" ಅಂದು ದೀಪ ಆರಿಸಿದರು.