ಒಳಗೆ ಬಂದ ನೀರು

ಸೋಮವಾರ ಬೆಳಿಗ್ಗೆ ಕೇಳಿದ ಪ್ರಶ್ನೆ ಶುಕ್ರವಾರವಾದರೂ ನನ್ನನ್ನು ಬಿಟ್ಟಿಲ್ಲ. ಪುಣೆಯ ಹಳೆಯ ಹೋಟೆಲೊಂದರ ನವೀಕರಣಕ್ಕೆ ನಕ್ಷೆ ಬರೆದ ನಾನು, ಅದನ್ನು ಅಲ್ಲಿನ ಕ್ಯಾಶ್ ಕೌಂಟರಿನ ಮೇಲೆ ಹರಡಿ, ಮುಠಾ ನದಿಯ ಕಡೆಯ ಗೋಡೆಯುದ್ದಕ್ಕೂ ಹದಿನೆಂಟು ಇಂಚು ಎತ್ತರದ ಕಾಂಕ್ರೀಟ್ ಕಟ್ಟೆ ಹೇಗೆ ಬರಬೇಕೆಂದು ವಿವರಿಸಿ ಮುಗಿಸಿದ್ದೆ. ನೆಲದ ಕಲ್ಲು ಕೀಳಲು ಬಂದಿದ್ದ ಹಿರಿಯ ಗೌಂಡಿಯವರು ಆ ಗೆರೆಯ ಮೇಲೆ ಬೆರಳಿಟ್ಟು, “ನೀರು ಒಳಗ ಬರಬಾರದಂತ ಕಟ್ಟಿ ಕಟ್ಟಾಕತ್ತೀರಿ, ಖರೇ. ಒಳಗ ಬಂದ ನೀರು ಹೊರಗ ಎಲ್ಲಿಂದ ಹೋಗ್ತದ್ರಿ ಅಕ್ಕಾರ?” ಎಂದರು.

“ಬರೋದೇ ಇಲ್ಲ ಕಾಕಾ, ಅದಕ್ಕೇ ಅಲ್ವಾ ಕಟ್ಟೆ” ಎಂದೆ ನಾನು.

ಅವರು ವಾದಿಸಲಿಲ್ಲ. ಒಂದು ಬಕೆಟ್ ನೀರು ತಂದು ಊಟದ ಹಾಲ್‌ನ ನಟ್ಟನಡುವೆ ಸುರಿದರು. ನೀರು ಅರೆಗಳಿಗೆ ಅಲ್ಲೇ ನಿಂತಂತೆ ಕಂಡು, ಆಮೇಲೆ ಮೇಜುಗಳ ಗುರುತುಗಳ ನಡುವೆ ದಾರಿ ಮಾಡಿಕೊಂಡು ನದಿಯ ಕಡೆಯ ಗೋಡೆಯತ್ತ ಸಾಗಿತು. ಗೋಡೆಯ ಬುಡದಲ್ಲಿ ಅದು ಸಾಲಾಗಿ ಹರಡಿ ನಿಂತಿತು. ಬಾಗಿ ನೋಡಿದಾಗ, ನೆಲದ ಮಟ್ಟಕ್ಕೆ ಸರಿಯಾಗಿ ಐದು ಕಡೆ ಗಾರೆಯ ಬಣ್ಣ ಉಳಿದ ಗೋಡೆಗಿಂತ ಬೇರೆಯಾಗಿತ್ತು. ಅಲ್ಲಿ ಹಿಂದೆ ಐದು ತೂಬುಗಳಿದ್ದವು; ಯಾರೋ ಸಿಮೆಂಟು ತುಂಬಿ ಮುಚ್ಚಿದ್ದರು. ಪೈಪಿನಲ್ಲಿ ನೀರು ತುಂಬಿ ಮಟ್ಟ ಹಿಡಿದು ನೋಡಿದೆವು: ಅಡುಗೆಮನೆಯ ಬಾಗಿಲಿನಿಂದ ಆ ಗೋಡೆಯವರೆಗಿನ ಮೂವತ್ತಾರು ಅಡಿಯಲ್ಲಿ ನೆಲ ನಾಲ್ಕು ಇಂಚು ಇಳಿದಿದೆ. ಮೂರು ಸಲ ಅಳತೆಗೆ ಬಂದಿದ್ದ ನಾನು ಈ ಇಳಿಜಾರನ್ನು ಹಳೆಯ ಕಟ್ಟಡದ ಕುಸಿತವೆಂದು ಭಾವಿಸಿ, ಸಿಮೆಂಟು ಹಾಕಿ ಸಮತಟ್ಟು ಮಾಡಿಸಬೇಕೆಂದು ಬರೆದಿದ್ದೆ.

ಆ ತೂಬುಗಳನ್ನು ಮುಚ್ಚಿಸಿದವರು ಮಾಲೀಕರೇ. ಕುಂದಾಪುರದ ಕಡೆಯಿಂದ ಬಂದು ಐವತ್ತು ವರ್ಷದಿಂದ ಈ ಹೋಟೆಲನ್ನು ನಡೆಸಿದ ಅವರು, ಹೆಗ್ಗಣಗಳ ಕಾಟ ತಾಳಲಾರದೆ ಹಾಗೆ ಮಾಡಿದ್ದರು. ಮೊದಲೇ ಏಕೆ ಹೇಳಲಿಲ್ಲವೆಂದು ಕೇಳಿದ್ದಕ್ಕೆ, “ನೀವು ಮೇಜಿನ ಲೆಕ್ಕ ಕೇಳಿದ್ರಿ ಮೇಡಂ, ನೀರಿನ ಲೆಕ್ಕ ಕೇಳ್ಲಿಲ್ಲ” ಎಂದರು. ಮನಸ್ಸಿಗೆ ನಾಟಿದ ಮಾತದು, ಆದರೂ ಅವರ ಮೌನವನ್ನು ನಾನು ಪೂರ್ತಿ ಒಪ್ಪಲಾರೆ. 2024ರ ಜುಲೈ 25ರಂದು ಖಡಕವಾಸ್ಲಾ ಅಣೆಕಟ್ಟಿನಿಂದ 35,000 ಕ್ಯೂಸೆಕ್ಸ್‌ಗೂ ಹೆಚ್ಚು ನೀರು ಬಿಟ್ಟು, ಸಿಂಹಗಡ ರಸ್ತೆಯ ಏಕತಾ ನಗರಿಯ ಮನೆಗಳಿಗೆ ನೀರು ನುಗ್ಗಿದ ದಿನ ಇಲ್ಲಿಯೂ ಹದಿನೈದು ಇಂಚು ನೀರು ನಿಂತಿತ್ತು. ನದಿ ಮರುದಿನವೇ ಇಳಿದರೂ ಹಾಲಿನೊಳಗಿನ ನೀರು ಇಳಿಯದೆ, ಹುಡುಗರು ಎರಡು ದಿನ ಬಕೆಟಿನಲ್ಲಿ ಎತ್ತಿ ಹಾಕಿದ್ದರಂತೆ. ಅಡುಗೆಮನೆಯ ಬಾಗಿಲ ಚೌಕಟ್ಟಿನಲ್ಲಿ ಅವರು ಆ ದಿನದ ಮಟ್ಟವನ್ನು ಪೆನ್ಸಿಲಿನಿಂದ ಗುರುತಿಸಿಟ್ಟಿದ್ದರು. ನಾನು ಆ ಗೆರೆಯ ಫೋಟೋ ತೆಗೆದುಕೊಂಡು, ಹದಿನೈದಕ್ಕೆ ಮೂರು ಸೇರಿಸಿ ಹದಿನೆಂಟು ಎಂದು ಕಟ್ಟೆಯ ಎತ್ತರವನ್ನು ನಿಗದಿ ಮಾಡಿದ್ದೆ. ನೀರು ಎಷ್ಟು ಎತ್ತರಕ್ಕೆ ಬಂತೆಂಬುದನ್ನು ನೋಡಿದ ನಾನು, ಎಷ್ಟು ಹೊತ್ತು ನಿಂತಿತೆಂಬುದನ್ನು ಯಾರನ್ನೂ ಕೇಳಿರಲಿಲ್ಲ.

ಕಟ್ಟಡ ಇರುವುದು ನೀಲಿ ರೇಖೆಗೂ ಕೆಂಪು ರೇಖೆಗೂ ನಡುವೆ. ಇಪ್ಪತ್ತೈದು ವರ್ಷಕ್ಕೊಮ್ಮೆ ಬರಬಹುದಾದ ಪ್ರವಾಹದ ಅಂಚು ನೀಲಿ ರೇಖೆ, ನೂರು ವರ್ಷಕ್ಕೊಮ್ಮೆ ಬರಬಹುದಾದುದರ ಅಂಚು ಕೆಂಪು. 1961ರ ಜುಲೈ 12ರಂದು ಪಾನ್‌ಶೇತ್ ಅಣೆಕಟ್ಟು ಒಡೆದು, ಅದರ ನೀರಿಗೆ ಖಡಕವಾಸ್ಲಾವೂ ಒಡೆದು ಹೋದದ್ದನ್ನು ಕಂಡವರು ಈ ಊರಿನಲ್ಲಿ ಇನ್ನೂ ಇದ್ದಾರೆ. ಆ ನೆನಪು ಹಸಿಯಾಗಿದ್ದ ಕಾಲದಲ್ಲಿ ಈ ಹಾಲನ್ನು ಕಟ್ಟಿದವನು ನೀರನ್ನು ತಡೆಯುತ್ತೇನೆಂದುಕೊಳ್ಳಲಿಲ್ಲ. ಬಂದು ಹೋಗಲೆಂದು ನೆಲವನ್ನು ಓರೆ ಮಾಡಿ ಐದು ತೂಬು ಇಟ್ಟ. ಅವನು ಯಾರೆಂದು ಮಾಲೀಕರಿಗೂ ನೆನಪಿಲ್ಲ.

ಮಾಲೀಕರ ಮಗನ ಬಗ್ಗೆಯೂ ಹೇಳಬೇಕು. ಎತ್ತರದ ಗಾಜಿನ ಗೋಡೆ, ಮರದಂತೆ ಕಾಣುವ ನೆಲ, ಜಿಪ್ಸಮ್ ಚಾವಣಿ, ಗೋಡೆಗೆ ಒರಗಿದ ಮೆತ್ತನೆಯ ಆಸನಗಳು, ಅವುಗಳ ಕೆಳಗೆ ಮೊಬೈಲ್ ಚಾರ್ಜಿಂಗಿಗೆ ಪ್ಲಗ್ಗು, ಇವೆಲ್ಲ ಅವರು ಕೇಳಿದ್ದು, ನಾನು ಸಂತೋಷದಿಂದಲೇ ಬರೆದದ್ದು. ಗಾಜಿನ ವಿಷಯದಲ್ಲಿ ಅವರ ಮಾತು ಸರಿಯೆಂದೇ ಈಗಲೂ ನಂಬುತ್ತೇನೆ. ಬೇಸಿಗೆಯಲ್ಲಿ ಮುಠೆಯಲ್ಲಿ ಹರಿಯುವುದು ಹೆಚ್ಚಾಗಿ ಊರಿನ ಕೊಳಚೆ; ಸಂಜೆಯಾದರೆ ಸೊಳ್ಳೆ. ನದಿಯ ಪಕ್ಕದ ಮೇಜುಗಳೇ ಖಾಲಿ ಉಳಿಯುವ ನದೀತೀರದ ಹೋಟೆಲನ್ನು ಆ ಹುಡುಗ ಎಷ್ಟು ವರ್ಷ ನಡೆಸಬೇಕು? ನನ್ನ ತಪ್ಪಿರುವುದು ಬೇರೆ ಕಡೆ. ಪ್ರವಾಹ ಬರುವ ಕಟ್ಟಡದೊಳಗೆ ನೀರು ತಗುಲಿದರೆ ಉಬ್ಬುವ, ಮರದ ನಾರನ್ನು ಒತ್ತಿ ಮಾಡಿದ ಎಂಡಿಎಫ್ ಹಲಗೆಯನ್ನು, ಮೆತ್ತಗಾಗುವ ಜಿಪ್ಸಮ್ ಗೋಡೆಯನ್ನು, ನೆಲದಿಂದ ಒಂದಡಿ ಎತ್ತರದಲ್ಲಿ ವಿದ್ಯುತ್ತನ್ನು ಇಡುತ್ತಿದ್ದೆ. ನೆರೆಯ ದಿನ ನದಿ ಬಾಗಿಲಿಗಿಂತ ಮೊದಲು ಚರಂಡಿಯ ಚೇಂಬರಿನಿಂದಲೇ ಮೇಲೆ ಉಕ್ಕುತ್ತದೆಂಬುದನ್ನು ಮರೆತು ಹೊರಗೆ ಕಟ್ಟೆ ಕಟ್ಟುತ್ತಿದ್ದೆ. ಹಾಗೆ ಉಕ್ಕಿದ ನೀರಿಗೆ ನನ್ನ ಕಟ್ಟೆ ತೊಟ್ಟಿಯ ಗೋಡೆಯಾಗುತ್ತಿತ್ತು. ಒಳಗ ಬಂದ ನೀರು ಹೊರಗ ಎಲ್ಲಿಂದ ಹೋಗ್ತದ್ರಿ?

ಕಲ್ಲಿನ ವಿಷಯ ಬಂದದ್ದು ಮಧ್ಯಾಹ್ನ ಊಟದ ಹೊತ್ತಿಗೆ. ಹಾಲಿಗೆ ಹಾಸಿರುವುದು ಶಹಾಬಾದಿ ಫರಸಿ, ಎರಡಡಿ ಚದರದ ಬೂದು ಹಲಗೆಗಳು. ಪುಣೆಯ ಕರಿಕಲ್ಲು ಗೋಡೆಗೆ ಗಟ್ಟಿ, ಆದರೆ ಹಲಗೆಯಾಗಿ ಸೀಳುವುದಿಲ್ಲ. ಆದ್ದರಿಂದ ಈ ಊರಿನ ವಾಡೆ, ಚಾಳು, ಅಂಗಡಿಗಳ ನೆಲಕ್ಕೆಲ್ಲ ಕಲಬುರಗಿಯ ಕಡೆಯಿಂದ ಪದರು ಪದರಾಗಿ ಏಳುವ ಈ ಸುಣ್ಣಕಲ್ಲು ಬಂತು. ಹುಳಿ ಬಿದ್ದರೆ ಇದರ ಮೈ ತಿಂದುಹೋಗುತ್ತದೆ. ಸಾಂಬಾರು, ನಿಂಬೆ, ನೆಲ ತೊಳೆಯುವ ಆಸಿಡ್ ಸೇರಿ ಐವತ್ತು ವರ್ಷದಲ್ಲಿ ಪ್ರತಿ ಮೇಜಿನ ಸುತ್ತ ಬಿಳಿಚಿದ ವರ್ತುಲ ಬಿಟ್ಟಿವೆ. ಅದನ್ನು ನೋಡಿಯೇ ನಾನು ಎಲ್ಲವನ್ನೂ ಒಡೆದು ಸಾಗಿಸಲು ಬರೆದಿದ್ದೆ. ಕಾಕಾ ಒಂದು ಹಲಗೆಯನ್ನು ಹಾರೆಯಿಂದ ಮೆಲ್ಲಗೆ ಎಬ್ಬಿಸಿ, ಮಗುಚಿ, ಹಿಂಬದಿಯ ಗಾರೆಯನ್ನು ಉಳಿಯಿಂದ ಕೆರೆದು, ಒದ್ದೆ ಬಟ್ಟೆಯಲ್ಲಿ ಒರೆಸಿದರು. ಬಣ್ಣ ಮಳೆಗಾಲದ ಮೋಡದಂತೆ ಕಡುಬೂದು.

“ಮಗ್ಗಲಾ ಬದಲ್ ಮಾಡಿ ಹಾಸಿದ್ರ ಇನ್ನೊಂದ್ ನಲವತ್ತ ವರ್ಷ ಬರ್ತದ್ರಿ” ಎಂದವರು, ಬುತ್ತಿ ಬಿಚ್ಚುತ್ತ ತಮ್ಮ ಊರಿನ ಮಾತು ತೆಗೆದರು. ಅವರದು ಅಫಜಲಪುರ ತಾಲ್ಲೂಕು, ಭೀಮೆಯ ದಂಡೆ. 2020ರ ಅಕ್ಟೋಬರಿನ ನೆರೆಯಲ್ಲಿ ಅವರ ಮನೆಯ ಹಿತ್ತಲ ಗೋಡೆ ಬಿದ್ದದ್ದು ನೀರು ಏರುವಾಗ ಅಲ್ಲ, ಹೊರಗಿನ ನೀರು ಇಳಿದು ಒಳಗಿನದು ಉಳಿದಾಗ. “ಈ ಹೊಳೀ ನೀರು ಮುಂದ ನಮ್ಮೂರಿಗೇ ಬರ್ತದ್ರಿ ಅಕ್ಕಾರ” ಎಂದು ಅವರು ಕಿಟಕಿಯಾಚೆ ಕೈ ತೋರಿಸಿದರು. ಮುಠಾ ಸಂಗಮದಲ್ಲಿ ಮುಳಾ ನದಿಯನ್ನು ಕೂಡಿ, ದೌಂಡ್ ತಾಲ್ಲೂಕಿನಲ್ಲಿ ಭೀಮೆಯನ್ನು ಸೇರಿ, ಉಜನಿ ಅಣೆಕಟ್ಟನ್ನು ದಾಟಿ ಅಲ್ಲಿಗೆ ಹೋಗುತ್ತದೆ. ಶಾಲೆಯಲ್ಲಿ ಕಲಿತ ಪಾಠ. ಆದರೂ ಹದಿನೆಂಟು ವರ್ಷ ಈ ನಗರದಲ್ಲಿ ಕಟ್ಟಡಗಳ ನಕ್ಷೆ ಬರೆದ ನನಗೆ ಈ ನೀರಿಗೆ ಮುಂದೊಂದು ಊರಿದೆ ಎಂದು ಒಮ್ಮೆಯೂ ಅನ್ನಿಸಿರಲಿಲ್ಲ. ಆ ಕಲ್ಲಿನ ಶಿಲಾಸಮೂಹಕ್ಕೂ ಭೂವಿಜ್ಞಾನಿಗಳು ಇಟ್ಟ ಹೆಸರು ಭೀಮಾ. ಕೆಳಗಿನ ಕಣಿವೆಯಿಂದ ಬಂದ ಕಲ್ಲನ್ನು ಒಡೆದು ಲಾರಿಗೆ ತುಂಬಿ, ಅದರ ಜಾಗದಲ್ಲಿ ಮುಂದಿನ ನೆರೆಗೆ ಕಿತ್ತು ಕೆಳಗಿನ ಊರುಗಳತ್ತ ತೇಲಿಹೋಗುವ ಹಲಗೆಗಳನ್ನು ಹಾಸಲು ನಾನು ಹೊರಟಿದ್ದೆ.

ಮಂಗಳವಾರ ಕಚೇರಿಯಲ್ಲಿ ನಕ್ಷೆಯನ್ನು ಮತ್ತೆ ತೆಗೆದೆ. ನದಿಯಿದ್ದ ಕಡೆ ನೀಲಿ ಬಣ್ಣ ತುಂಬಿ ‘ನೋಟ’ ಎಂದು ಬರೆದಿದ್ದೆ. ಯಾವ ದಿಕ್ಕಿಗೆ ಹರಿಯುತ್ತದೆಂಬ ಬಾಣವೂ ಇರಲಿಲ್ಲ. ನಾವು, ಈ ವೃತ್ತಿಯವರು, ನದಿಯನ್ನು ಚಿತ್ರಪಟದಂತೆ ಗೋಡೆಗೆ ತೂಗುಹಾಕಲು ಕಲಿತಿದ್ದೇವೆ, ಗಿರಾಕಿಗೂ ಹಾಗೆಯೇ ನೋಡಲು ಕಲಿಸಿದ್ದೇವೆ.

ಎರಡು ರಾತ್ರಿ ಕುಳಿತು ಬದಲಿಸಿದೆ. ಕಟ್ಟೆ ಇಲ್ಲ. ಐದು ತೂಬು ಮತ್ತೆ ತೆರೆಯುತ್ತವೆ, ಹೆಗ್ಗಣಕ್ಕೆ ಸ್ಟೀಲಿನ ಜಾಲರಿ. ಚರಂಡಿಗೆ ನೀರು ಹಿಂದಕ್ಕೆ ಬಾರದಂತೆ ವಾಲ್ವು. ವೈರಿಂಗ್ ಚಾವಣಿಯಿಂದ ಇಳಿದು ನಾಲ್ಕಡಿಯಲ್ಲಿ ನಿಲ್ಲುತ್ತದೆ. ಆಸನಗಳಿಗೆ ಕಲ್ಲಿನ ಕಾಲು, ಸಾಗುವಾನಿಯ ಹಲಗೆ. ಗಾಜು ಇರುತ್ತದೆ, ಆದರೆ ಮಡಚುವ ಬಾಗಿಲುಗಳಾಗಿ. ಗಾಳಿ ಒಳ್ಳೆಯದಿದ್ದ ದಿನ ತೆರೆಯಬಹುದು. ನೆಲ ಅದೇ, ಅದೇ ಇಳಿಜಾರಿನಲ್ಲಿ. ಮಾಲೀಕರು ಕೂಡಲೇ ಒಪ್ಪಿದರು. ಮಗನಿಗೆ ಆ ಬೂದು ನೆಲ ಇನ್ನೂ ಮನಸ್ಸಿಗೆ ಬಂದಿಲ್ಲ. ಹತ್ತು ಕಲ್ಲು ಹಾಸಿ ತೋರಿಸಿದ ಮೇಲೆ ಹೇಳುತ್ತೇನೆಂದಿದ್ದಾರೆ.

ಇಂದು ಮಧ್ಯಾಹ್ನ ಹೋದಾಗ ಮೊದಲ ತೂಬಿನ ಸಿಮೆಂಟು ಬಿಡಿಸಿ ಆಗಿತ್ತು. ಕಾಕಾ ಕಿತ್ತ ಹಲಗೆಗಳಿಗೆ ಸೀಮೆಸುಣ್ಣದಲ್ಲಿ ಕನ್ನಡ ಅಂಕಿಗಳನ್ನು ಬರೆದು ಗೋಡೆಗೆ ಒರಗಿಸುತ್ತಿದ್ದರು. ನನ್ನನ್ನು ಕಂಡು ಏನೂ ಹೇಳದೆ ಬಕೆಟನ್ನು ನನ್ನ ಕೈಗೆ ಕೊಟ್ಟರು. ನಾನು ಹಾಲಿನ ನಡುವೆ ನಿಂತು ಸುರಿದೆ. ನೀರು ಹೋಗಿ ಗೋಡೆಯ ಬುಡದಲ್ಲಿ ಒಮ್ಮೆ ತಡೆದು, ಆ ತೂಬನ್ನು ಹುಡುಕಿಕೊಂಡು ಹೊರಗೆ ಬಿತ್ತು. ಮಾಲೀಕರ ಮಗ ಕಿಟಕಿಯಿಂದ ಬಾಗಿ ಅದು ಎಲ್ಲಿ ಬೀಳುತ್ತದೆಂದು ನೋಡುತ್ತಿದ್ದರು.