ಹಿಡಿದು ಅದುಮದೆ ಉಗುರು ಕತ್ತರಿಸುವುದು: ಇಲ್ಲಿಯವರೆಗೆ ಆಗಿದ್ದು

ನಮ್ಮ ನಾಯಿಯ ಮುಂಗಾಲು ಎರಡೂ ಮುಗಿದವು. ಯಾರೂ ಹಿಡಿದುಕೊಳ್ಳಲಿಲ್ಲ, ಬಾಯಿಗೆ ಪಟ್ಟಿ ಕಟ್ಟಲಿಲ್ಲ. ಹಿಂಗಾಲು ಇನ್ನೂ ಬಾಕಿ.

ನಾನು ಮಾಡುತ್ತಿರುವುದು ಇಷ್ಟೇ. ನೆಲದ ಮೇಲೆ ಮಡಚಿದ ಟವೆಲ್ ಇಡುತ್ತೇನೆ. ನಾಯಿ ಅದರ ಮೇಲೆ ಗಲ್ಲ ಊರಿದರೆ ಕೆಲಸ ಶುರು, ತಲೆ ಎತ್ತಿದರೆ ಕಟರ್ ಕೆಳಗೆ. ಗದರುವಂತಿಲ್ಲ, ತಲೆ ಒತ್ತಿ ವಾಪಸ್ ಇಡುವಂತಿಲ್ಲ. ಮೊದಲು ಬರೀ ಗಲ್ಲ ಊರಿದ್ದಕ್ಕೆ ತಿಂಡಿ ಕೊಟ್ಟೆ, ಆಮೇಲೆ ಪಾದ ಮುಟ್ಟಿಸಿಕೊಂಡಿದ್ದಕ್ಕೆ, ಆಮೇಲೆ ಕಟರ್ ಸದ್ದು ಕೇಳಿಯೂ ಕದಲದೆ ಇದ್ದಿದ್ದಕ್ಕೆ, ಕೊನೆಗೆ ಒಂದು ಉಗುರು. ಒಂದೇ. ಚೆನ್ನಾಗಿ ನಡೀತಿದೆ ಅಂತ ಇನ್ನೊಂದಕ್ಕೆ ಆಸೆಪಟ್ಟರೆ ಕೆಡುತ್ತದೆ. ಇದರದ್ದು ಕಪ್ಪು ಉಗುರು, ಒಳಗಿನ ರಕ್ತನಾಳ ಎಲ್ಲಿಯವರೆಗಿದೆ ಅಂತ ಹೊರಗಿನಿಂದ ಕಾಣಿಸುವುದಿಲ್ಲ, ಹಾಗಾಗಿ ಚೂರುಚೂರೇ ಕತ್ತರಿಸಿ, ಕತ್ತರಿಸಿದ ಜಾಗದ ನಡುವೆ ಕಪ್ಪು ಚುಕ್ಕೆ ಕಂಡ ಕೂಡಲೇ ನಿಲ್ಲಿಸುತ್ತೇನೆ.

"ಎರಡು ಏಟು ಬಿಟ್ಟರೆ ಸುಮ್ನೆ ಕೂರುತ್ತೆ, ಇಷ್ಟೆಲ್ಲ ಯಾಕೆ?" ಅಂತ ಕೇಳುವವರಿದ್ದಾರೆ. ಕೂರುತ್ತದೆ, ನಿಜ. ತೊಂದರೆ ಇರುವುದೇ ಅಲ್ಲಿ. ಏಟು ಬಿದ್ದ ಕ್ಷಣ ನಾಯಿ ತೆಪ್ಪಗಾಗುವುದರಿಂದ ಹೊಡೆದವನಿಗೆ ಅಲ್ಲೇ ಬಹುಮಾನ ಸಿಕ್ಕಂತಾಗಿ, ಮುಂದಿನ ಸಲ ಕೈ ಇನ್ನೂ ಬೇಗ ಏಳುತ್ತದೆ. ಪಾಠ ಗಟ್ಟಿಯಾಗುವುದು ಮನುಷ್ಯನಿಗೆ! ಗುರ್ ಅಂದಿದ್ದಕ್ಕೆ ಹೊಡೆದರೆ ಗುರ್ ನಿಲ್ಲಬಹುದು, ಹೆದರಿಕೆ ಒಳಗೇ ಇರುತ್ತದೆ. ಆಮೇಲೆ ಒಂದು ದಿನ "ಸುಳಿವೇ ಕೊಡದೆ ಕಚ್ಚಿಬಿಡ್ತು" ಅನ್ನುತ್ತೇವೆ. ಸುಳಿವು ಕೊಡಬೇಡ ಅಂತ ಕಲಿಸಿದ್ದು ನಾವೇ ಅಲ್ವಾ?

2009ರಲ್ಲಿ ಪ್ರಕಟವಾದ ಅಮೆರಿಕದ ಒಂದು ಸಮೀಕ್ಷೆಯಲ್ಲಿ, ನಾಯಿಗೆ ಹೊಡೆದು ಅಥವಾ ಒದ್ದು ನೋಡಿದ ಮಾಲೀಕರಲ್ಲಿ ಸುಮಾರು ಶೇ. 43 ಮಂದಿ ನಾಯಿ ತಿರುಗಿಬಿತ್ತು ಅಂದಿದ್ದರು. ಅವೆಲ್ಲ ನಡವಳಿಕೆ ಸರಿಯಿಲ್ಲ ಅಂತ ಪಶುವೈದ್ಯರ ಹತ್ತಿರ ಬಂದಿದ್ದ ನಾಯಿಗಳು, ಹಾಗಾಗಿ ಎಲ್ಲ ನಾಯಿಗೂ ಇದೇ ಲೆಕ್ಕ ಹಾಕಬಾರದು. "ನೀನೇ ಯಜಮಾನ ಅಂತ ತೋರಿಸು" ಅನ್ನುವ ವಾದವಂತೂ ಹಳತಾಯಿತು. ತೋಳಗಳು ಕಾದಾಡಿ, ಗೆದ್ದದ್ದೇ ಗುಂಪಿನ ಯಜಮಾನ ಆಗುತ್ತದೆ, ನಾಯಿಯೂ ಹಾಗೇ ಅನ್ನುವ ನಂಬಿಕೆ ಅದರ ಹಿಂದಿದೆ. ಆದರೆ ಕಾಡಿನ ತೋಳದ ಗುಂಪು ಅಂದರೆ ಸಾಮಾನ್ಯವಾಗಿ ಅಪ್ಪ, ಅಮ್ಮ, ಮರಿಗಳು ಅಂತ ತೋಳ ತಜ್ಞ ಡೇವಿಡ್ ಮೆಕ್ 1999ರಲ್ಲೇ ಬರೆದಿದ್ದಾರೆ.

ಆದರೆ ಅಂಕಿಅಂಶ ಉಲ್ಟಾ ಇದ್ದಿದ್ದರೂ ನಾನು ಹೊಡೆಯುತ್ತಿರಲಿಲ್ಲ. ಡಾಲ್ಫಿನ್‌ಗೆ ಸೀಟಿ ಊದಿ ಮೀನು ಕೊಟ್ಟು ಕಲಿಸುತ್ತಾರೆ. ಅದಕ್ಕೆ ಹಗ್ಗ ಹಾಕಿ ಎಳೆಯೋಕಾಗಲ್ಲ, ಬೇಸರವಾದರೆ ಈಜಿ ಹೋಗುತ್ತದೆ. ನಾಯಿ ಎಲ್ಲಿಗೆ ಹೋಗಬೇಕು? ಬಾಗಿಲ ಚಿಲಕ ನನ್ನ ಕೈಯಲ್ಲಿದೆ, ಊಟವೂ ನನ್ನ ಕೈಯಲ್ಲೇ. ಅದಕ್ಕೇ ಟವೆಲ್. ಎದ್ದು ಹೋಗುವ ದಾರಿ ಒಂದಾದರೂ ಇರಲಿ ಅಂತ. ಉಪವಾಸ ಕೆಡವಿ ಕಲಿಸಿದರೆ ಅದೂ ಬಲವಂತವೇ, ಹಾಗಾಗಿ ಊಟ ಕಡಿಮೆ ಮಾಡುವುದಿಲ್ಲ.

ರಸ್ತೆಗೆ ನುಗ್ಗಿದರೆ ಬೆಲ್ಟ್ ಹಿಡಿದು ಜಗ್ಗುತ್ತೇನೆ. ಅದು ಜೀವ ಉಳಿಸುವ ಕೆಲಸ, ಪಾಠ ಅಲ್ಲ. ಕಾಯಲಾಗದ ಇಂಜೆಕ್ಷನ್ ಇದ್ದಾಗ ಹಿಡಿದೇ ಕೊಡಿಸಬೇಕು, ಆಗ ಟವೆಲ್ ಹಾಸುವುದೇ ಇಲ್ಲ. ಟವೆಲ್ ಹಾಸಿ ಮೋಸ ಮಾಡಿದರೆ ಇಷ್ಟು ದಿನದ್ದೆಲ್ಲ ಹೋಯಿತು.

ಈಗಿನ ತಲೆನೋವು: ನಾನು ಹಿಂಗಾಲಿನ ಕಡೆ ಸರಿದ ಕೂಡಲೇ ತಲೆ ಎತ್ತಿ ತಿರುಗಿ ನೋಡುತ್ತದೆ. ಕೈ ಕಾಣುತ್ತಿಲ್ಲ ಅನ್ನುವ ಅನುಮಾನ ಇರಬೇಕು. ಮುಂದಿನ ವಾರ ಪಕ್ಕಕ್ಕೆ ಮಲಗಿಸಿ, ಕಟರ್ ಇಲ್ಲದೆ, ಬರೀ ಹಿಂಪಾದ ಮುಟ್ಟುವುದರಿಂದ ಶುರು ಮಾಡುತ್ತೇನೆ.